600 ಡಾಲರ್ ಮತ್ತು ಒಂದು ಸಿಗಾರ್ ಡಬ್ಬಿ: ಡಿಸ್ಕಾರ್ಡ್ ರೆಕಾರ್ಡ್ಸ್ ನಡೆದು ಬಂದ ಬಗೆ

ಮನೆಯ ಕೋಣೆಯಲ್ಲಿ ಹಾಡನ್ನು ಮುದ್ರಿಸಿಕೊಂಡು, ಅದನ್ನು ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಮುಂತಾದ ಕಡೆಗೆ ತಲುಪಿಸುವ ಸೇವೆಯೊಂದರಲ್ಲಿ ಖಾತೆ ತೆರೆದವರು ಮೊದಲು ಒಂದು ಅರ್ಜಿ ತುಂಬಬೇಕಾಗುತ್ತದೆ. ಹಾಡಿನ ಹೆಸರು, ಸಾಹಿತ್ಯ ಬರೆದವರು, ರಾಗ ಹಾಕಿದವರು ಎಂಬ ಕಲಮುಗಳ ನಡುವೆ ‘ಲೇಬಲ್’ ಎಂಬ ಇನ್ನೊಂದು ಕಲಮು ಇರುತ್ತದೆ. ಅಲ್ಲಿ ಏನು ಬರೆಯಬೇಕೆಂದು ತೋಚದೆ ಹಲವರು ತಮ್ಮದೇ ಹೆಸರು ಬರೆದು ಮುಂದೆ ಸಾಗುತ್ತಾರೆ. ಹಾಡಿದವರೇ ತಮ್ಮ ಹಾಡಿನ ಪ್ರಕಾಶಕರೂ ಆಗಬಹುದು ಎಂಬುದು ಇಂದು ಅರ್ಧ ನಿಮಿಷದ ಕೆಲಸ. ಆದರೆ ಅದು ಸಾಧ್ಯ ಎಂದು ತೋರಿಸಲು ಒಂದು ಕಾಲದಲ್ಲಿ ಕೆಲವರು ಕತ್ತರಿ ಮತ್ತು ಅಂಟಿನ ಡಬ್ಬಿ ಹಿಡಿದು ರಾತ್ರಿಗಟ್ಟಲೆ ಕೂರಬೇಕಾಯಿತು. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ 1980ರಲ್ಲಿ ಹುಟ್ಟಿದ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ ಅಂಥವುಗಳಲ್ಲಿ ಒಂದು. ಅದು ಹೇಗೆ ನಡೆಯಿತು ಎಂಬುದನ್ನು ನೋಡಿದರೆ ‘ಇಂಡೀ’, ‘ಡಿಐವೈ’, ‘ಆಲ್ಟರ್ನೇಟಿವ್’ ಎಂದು ಇಂದು ಎಲ್ಲೆಡೆ ಕಿವಿಗೆ ಬೀಳುವ ಪದಗಳ ಅರ್ಥ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಲೇಬಲ್ ಎಂದರೆ ಏನು?

ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸಿರುತ್ತಿದ್ದ ದುಂಡನೆಯ ಕಾಗದದ ಚೀಟಿಯೇ ಮೂಲದಲ್ಲಿ ಲೇಬಲ್. ಆ ಚೀಟಿಯ ಮೇಲೆ ಕಂಪನಿಯ ಹೆಸರು ಇರುತ್ತಿದ್ದುದರಿಂದ ಕ್ರಮೇಣ ಕಂಪನಿಯನ್ನೇ ಲೇಬಲ್ ಎಂದು ಕರೆಯುವುದು ರೂಢಿಯಾಯಿತು. ಪುಸ್ತಕಕ್ಕೆ ಪ್ರಕಾಶಕರು ಹೇಗೋ ಹಾಡಿಗೆ ಲೇಬಲ್ ಹಾಗೆ: ಧ್ವನಿಮುದ್ರಣದ ಖರ್ಚು ಹಾಕುವುದು, ತಟ್ಟೆಗಳನ್ನು ಅಚ್ಚು ಹಾಕಿಸುವುದು, ಅಂಗಡಿಗಳಿಗೆ ತಲುಪಿಸುವುದು, ಪ್ರಚಾರ ಮಾಡುವುದು, ಬಂದ ಹಣದಲ್ಲಿ ಕಲಾವಿದರ ಪಾಲನ್ನು ಕೊಡುವುದು ಅದರ ಕೆಲಸ.

ಈ ಪಾಲಿನ ಲೆಕ್ಕ ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾದೀತು. ಕೈಯಲ್ಲಿ ದುಡ್ಡಿಲ್ಲದ ಮಳೆಗಾಲದಲ್ಲಿ ಮಂಡಿಯವರು ಮುಂಗಡ ಕೊಡುತ್ತಾರೆ. ಕೊಯ್ಲಾದ ಮೇಲೆ ಅಡಿಕೆ ಅದೇ ಮಂಡಿಗೆ ಹೋಗುತ್ತದೆ, ಮುಂಗಡ ಮುರಿದುಕೊಂಡು ಮಿಕ್ಕದ್ದು ಬೆಳೆಗಾರರ ಕೈಗೆ ಬರುತ್ತದೆ. ದೊಡ್ಡ ಲೇಬಲ್‌ಗಳೂ ಕಲಾವಿದರಿಗೆ ಹೀಗೆಯೇ ಮುಂಗಡ ಕೊಡುತ್ತವೆ. ವ್ಯತ್ಯಾಸವಿರುವುದು ಎರಡು ಕಡೆ. ಮೊದಲನೆಯದಾಗಿ, ಆ ಮುಂಗಡವನ್ನು ಒಟ್ಟು ಮಾರಾಟದಿಂದ ಮುರಿದುಕೊಳ್ಳುವುದಿಲ್ಲ, ಅದರಲ್ಲಿ ಕಲಾವಿದರಿಗೆ ಸಲ್ಲಬೇಕಾದ ಸಣ್ಣ ಪಾಲಿನಿಂದ ಮಾತ್ರ ಮುರಿದುಕೊಳ್ಳುತ್ತಾರೆ. ಹೀಗಾಗಿ ಲೇಬಲ್‌ಗೆ ಲಾಭ ಬರತೊಡಗಿದ ಎಷ್ಟೋ ದಿನಗಳ ಮೇಲೂ ಕಲಾವಿದರ ಲೆಕ್ಕದಲ್ಲಿ ಸಾಲ ಉಳಿದಿರಬಹುದು. ಎರಡನೆಯದಾಗಿ, ಸಾಲ ಪೂರ್ತಿ ತೀರಿದ ಮೇಲೂ ಮೂಲ ಧ್ವನಿಮುದ್ರಣದ ಒಡೆತನ ಸಾಮಾನ್ಯವಾಗಿ ಕಂಪನಿಯದೇ. ಮುಂಗಡ ತೀರಿಸಿದ ಮೇಲೂ ತೋಟ ಮಂಡಿಯವರ ಹೆಸರಿನಲ್ಲೇ ಉಳಿದ ಹಾಗೆ.

ಅಮೆರಿಕದ ಸಂಗೀತದ ವ್ಯಾಪಾರದಲ್ಲಿ ಬಹುಪಾಲನ್ನು ಕೈಯಲ್ಲಿ ಹಿಡಿದಿದ್ದ ಇಂತಹ ದೊಡ್ಡ ಕಂಪನಿಗಳು 1980ರ ಸುಮಾರಿಗೆ ಅರ್ಧ ಡಜನ್ ಇದ್ದವು. ಅವುಗಳು ಒಂದನ್ನೊಂದು ನುಂಗಿ ಇಂದು ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರಾಗಿವೆ. ಇವುಗಳ ಒಡೆತನದ ಹೊರಗಿರುವ ಲೇಬಲ್‌ಗಳಿಗೆ ಇಂಡಿಪೆಂಡೆಂಟ್, ಮೊಟಕಾಗಿ ‘ಇಂಡೀ’ ಎಂದು ಹೆಸರು. ಸ್ವತಂತ್ರ ಎಂದ ಮಾತ್ರಕ್ಕೆ ನ್ಯಾಯವಂತ ಎಂದು ತಿಳಿಯಬೇಕಾಗಿಲ್ಲ. ಲೆಕ್ಕ ತೋರಿಸದೆ ಕಲಾವಿದರನ್ನು ಸತಾಯಿಸಿದ ಸಣ್ಣ ಲೇಬಲ್‌ಗಳಿಗೂ ಸಂಗೀತದ ಚರಿತ್ರೆಯಲ್ಲಿ ಕೊರತೆಯಿಲ್ಲ. ಡಿಐವೈ, ಅಂದರೆ ‘ಡು ಇಟ್ ಯುವರ್‌ಸೆಲ್ಫ್’, ಮೊದಲು ಬಳಕೆಗೆ ಬಂದದ್ದು ಮನೆಯ ಕಪಾಟು ಜೋಡಿಸುವ, ಗೋಡೆಗೆ ಬಣ್ಣ ಬಳಿಯುವ ಕೆಲಸಗಳಿಗೆ. ಸಂಗೀತಕ್ಕೆ ಬಂದಾಗ ಅದು ‘ಅಪ್ಪಣೆಗೆ ಕಾಯದೆ ನಾವೇ ಮಾಡಿಕೊಳ್ಳೋಣ’ ಎಂಬ ನಿಲುವಾಯಿತು. ಇಂಗ್ಲೆಂಡಿನ ಬಜ್‌ಕಾಕ್ಸ್ ತಂಡ 1977ರಲ್ಲಿ ಸುಮಾರು 500 ಪೌಂಡ್ ಸಾಲ ಎತ್ತಿ, ತನ್ನದೇ ಲೇಬಲ್ ಹೆಸರಿನಲ್ಲಿ ಮೊದಲ ಕಂತಾಗಿ 1,000 ತಟ್ಟೆ ಅಚ್ಚು ಹಾಕಿಸಿ ಮಾರಿದ್ದು ಈ ದಾರಿಯ ಮೊದಲ ಮೈಲಿಗಲ್ಲುಗಳಲ್ಲೊಂದು. ಡಿಸ್ಕಾರ್ಡ್‌ನವರು ಇದನ್ನು ಕಂಡುಹಿಡಿದವರಲ್ಲ. ಆದರೆ ನಲವತ್ತಕ್ಕೂ ಹೆಚ್ಚು ವರ್ಷ ಅದರಂತೆಯೇ ನಡೆದುಕೊಂಡವರು ಅವರಂತೆ ಬೇರೆ ಸಿಗುವುದು ಕಷ್ಟ.

ಹಂಚಿಕೊಳ್ಳದ ಹಣ

1980ರ ವಾಷಿಂಗ್ಟನ್ ಸರ್ಕಾರಿ ಕಚೇರಿಗಳ ಊರು. ನ್ಯೂಯಾರ್ಕ್ ಅಥವಾ ಲಾಸ್ ಏಂಜಲೀಸ್‌ನ ಹಾಗೆ ರೆಕಾರ್ಡ್ ಕಂಪನಿಗಳ ಊರಲ್ಲ. ಅಲ್ಲಿನ ಹೈಸ್ಕೂಲು ಹುಡುಗರು ಕೆಲವರು ಸೇರಿ ‘ಟೀನ್ ಐಡಲ್ಸ್’ ಎಂಬ ತಂಡ ಕಟ್ಟಿಕೊಂಡಿದ್ದರು. ಬಾಸ್ ಗಿಟಾರ್ ನುಡಿಸುತ್ತಿದ್ದವರು ಇಯಾನ್ ಮಕಾಯ್, ಡ್ರಮ್ಸ್ ಜೆಫ್ ನೆಲ್ಸನ್, ಹಾಡುತ್ತಿದ್ದವರು ನೇಥನ್ ಸ್ಟ್ರೇಚೆಕ್, ಗಿಟಾರ್ ಜಾರ್ಡಿ ಗ್ರಿಂಡಲ್. ಅವರದು ಪಂಕ್ ಸಂಗೀತ: ಮೂರ್ನಾಲ್ಕು ಸ್ವರಮೇಳಗಳು, ಬಿರುಸಾದ ಲಯ, ಎರಡು ನಿಮಿಷ ದಾಟದ ಹಾಡು. ಆ ಬಿರುಸನ್ನೂ ಇಮ್ಮಡಿಗೊಳಿಸಿದ ಅಮೆರಿಕದ ಬಗೆಗೆ ಮುಂದೆ ‘ಹಾರ್ಡ್‌ಕೋರ್’ ಎಂಬ ಹೆಸರು ಬಂತು. ಅದರ ವೇಗಕ್ಕೂ ಹುರುಪಿಗೂ ಈ ಹುಡುಗರಿಗೆ ಮಾದರಿಯಾಗಿದ್ದುದು ಅದೇ ಊರಿನ ಕಪ್ಪು ಸಂಗೀತಗಾರರ ‘ಬ್ಯಾಡ್ ಬ್ರೈನ್ಸ್’ ತಂಡ ಎಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಈ ಕಥೆಯನ್ನು ಹೇಳುವವರು ಅದನ್ನು ಎಷ್ಟೋ ಬಾರಿ ಮರೆತುಬಿಡುತ್ತಾರೆ.

ಕಾರ್ಯಕ್ರಮಗಳಿಂದ ಬಂದ ಪುಡಿಗಾಸನ್ನು ಹಂಚಿಕೊಳ್ಳದೆ ಈ ನಾಲ್ವರು ಒಂದು ಸಿಗಾರ್ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಸುಮಾರು ಒಂದು ವರ್ಷದಲ್ಲಿ ಅದು 600 ಡಾಲರ್ ಆಯಿತು. ಅಷ್ಟರಲ್ಲಿ, ಅಂದರೆ 1980ರ ನವೆಂಬರ್‌ನಲ್ಲಿ, ತಂಡವೇ ಮುರಿಯಿತು. ಹಣವನ್ನು ತಲಾ 150ರಂತೆ ಹಂಚಿಕೊಳ್ಳುವುದು ಒಂದು ದಾರಿ. ಮುರಿದ ತಂಡದ ಹಾಡುಗಳನ್ನು ನೆನಪಿಗೆಂದು ಒಂದು ತಟ್ಟೆಯಾಗಿ ತರುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಅದಕ್ಕಾಗಿ ಮಕಾಯ್, ನೆಲ್ಸನ್ ಮತ್ತು ಸ್ಟ್ರೇಚೆಕ್ ಸೇರಿ ಇಟ್ಟ ಹೆಸರೇ ಡಿಸ್ಕಾರ್ಡ್. ಅಪಶ್ರುತಿ ಎಂಬುದು ಆ ಪದದ ಅರ್ಥಗಳಲ್ಲೊಂದು.

ಆ ತಟ್ಟೆಯ ಹೊದಿಕೆಯ ಮೇಲೆ ಇರುವುದು ಗುಣಾಕಾರದ ಗುರುತು ಬರೆದ ಎರಡು ಕೈಗಳ ಚಿತ್ರ. ಅದರ ಹಿನ್ನೆಲೆ ಹೀಗಿದೆ. ಆ ವರ್ಷದ ಬೇಸಿಗೆಯಲ್ಲಿ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದಾಗ, ಮದ್ಯ ಕೊಳ್ಳುವ ವಯಸ್ಸಾಗದ ಹುಡುಗರನ್ನು ಒಳಗೆ ಬಿಡಲು ಅಲ್ಲಿನ ಕ್ಲಬ್ಬಿನವರು ಅವರ ಮುಂಗೈ ಮೇಲೆ ದಪ್ಪ ಶಾಯಿಯಲ್ಲಿ ‘ಎಕ್ಸ್’ ಬರೆದರು. ಈ ಗುರುತು ಕಂಡರೆ ಪಾನೀಯ ಕೊಡಬಾರದೆಂದು ಕೌಂಟರಿನವರಿಗೆ ಸೂಚನೆ. ಊರಿಗೆ ಮರಳಿದ ಹುಡುಗರು ವಾಷಿಂಗ್ಟನ್ನಿನ 9:30 ಕ್ಲಬ್ಬಿನವರಿಗೂ ಇದೇ ಉಪಾಯ ಹೇಳಿಕೊಟ್ಟರು. ಸಂಗೀತ ಕೇಳಲು ಬಂದ ಹದಿನೈದರ ಹುಡುಗನನ್ನು ಬಾಗಿಲಲ್ಲೇ ತಡೆಯದಿರುವ ಒಂದು ವ್ಯವಸ್ಥೆ ಹೀಗೆ ಒಂದು ಪೆನ್ನಿನಿಂದ ಆಯಿತು.

ಹಾಳೆ, ಕತ್ತರಿ, ಅಂಟು

ಒಂದು ತಟ್ಟೆ ತಯಾರಾಗುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಮೊದಲು ಟೇಪಿನಲ್ಲಿ ಧ್ವನಿಮುದ್ರಣ. ನಂತರ ಆ ಧ್ವನಿಯನ್ನು ಅರಗಿನಂಥ ಲೇಪವಿರುವ ಮೂಲ ತಟ್ಟೆಯ ಮೇಲೆ ಸೂಜಿಯಿಂದ ಕೊರೆಯುತ್ತಾರೆ. ಅದರಿಂದ ಲೋಹದ ಅಚ್ಚು ತೆಗೆಯುತ್ತಾರೆ. ಬಿಸಿ ವಿನೈಲ್ ಮುದ್ದೆಯನ್ನು ಆ ಅಚ್ಚುಗಳ ನಡುವೆ ಒತ್ತುತ್ತಾರೆ. ಮದುವೆ ಕರೆಯೋಲೆ ಮುದ್ರಿಸಿದವರಿಗೆ ಗೊತ್ತಿರುವಂತೆ ಖರ್ಚಿನ ದೊಡ್ಡ ಪಾಲು ಮೊದಲ ಪ್ರತಿಗೇ ಹೋಗುತ್ತದೆ, ಆಮೇಲಿನ ಪ್ರತಿಗಳು ಅಗ್ಗ. ಆದ್ದರಿಂದ ಕಾರ್ಖಾನೆಯವರು ಹತ್ತಿಪ್ಪತ್ತು ತಟ್ಟೆ ಮಾಡಿಕೊಡುವುದಿಲ್ಲ. ಡಿಸ್ಕಾರ್ಡ್‌ನವರು ಎಂಟು ಹಾಡುಗಳ ಏಳಂಗುಲದ ಆ ತಟ್ಟೆಯನ್ನು 1,000 ಪ್ರತಿ ಮಾಡಿಸಿದರು.

ಧ್ವನಿಮುದ್ರಣ ನಡೆದದ್ದು ಪೊಟೊಮ್ಯಾಕ್ ನದಿಯ ಆಚೆ ದಡದ ಆರ್ಲಿಂಗ್ಟನ್‌ನಲ್ಲಿ, ಡಾನ್ ಝಿಯೆಂಟಾರಾ ಎಂಬವರು ತಮ್ಮ ಮನೆಯಲ್ಲೇ ನಡೆಸುತ್ತಿದ್ದ ‘ಇನ್ನರ್ ಇಯರ್’ ಸ್ಟುಡಿಯೋದಲ್ಲಿ. ತಟ್ಟೆ ಮಾಡಿಸುವುದು ಹೇಗೆ, ಯಾರನ್ನು ಕೇಳಬೇಕು ಎಂದು ದಾರಿ ತೋರಿದವರು ಪಕ್ಕದ ರಾಕ್‌ವಿಲ್‌ನಲ್ಲಿ ರೆಕಾರ್ಡ್ ಅಂಗಡಿಯನ್ನೂ ತಮ್ಮದೇ ಸಣ್ಣ ಲೇಬಲ್ಲನ್ನೂ ಇಟ್ಟುಕೊಂಡಿದ್ದ ಸ್ಕಿಪ್ ಗ್ರಾಫ್. ‘ನಾವೇ ಮಾಡಿಕೊಂಡೆವು’ ಎಂಬ ಮಾತನ್ನು ಒಬ್ಬಂಟಿ ಸಾಹಸವೆಂದು ಓದಿಕೊಳ್ಳುವ ರೂಢಿ ಇದೆ, ಅದು ಸರಿಯಲ್ಲ. ಗೊತ್ತಿದ್ದವರು ಗುಟ್ಟು ಮಾಡದೆ ಹೇಳಿಕೊಟ್ಟದ್ದರಿಂದಲೇ ಇದು ನಡೆಯಿತು.

ಹೊದಿಕೆಗೆ ಮಾತ್ರ ಬೇರೆಯ ಉಪಾಯ ಬೇಕಾಯಿತು. ಅಚ್ಚುಕಟ್ಟಾಗಿ ಮಡಿಸಿ ಅಂಟಿಸಿದ ಹೊದಿಕೆಯನ್ನು ಮಾಡಿಸಲು ಕೈಯಲ್ಲಿ ಹಣ ಉಳಿದಿರಲಿಲ್ಲ. ಹುಡುಗರು ಇಂಗ್ಲೆಂಡಿನಲ್ಲಿ ತಯಾರಾದ ಒಂದು ಏಳಂಗುಲ ತಟ್ಟೆಯ ಹೊದಿಕೆಯನ್ನು ಜೋಪಾನವಾಗಿ ಬಿಚ್ಚಿ ಹರಡಿ, ಅದರ ಅಂಚನ್ನು ಕಾಗದದ ಮೇಲೆ ಗೆರೆ ಎಳೆದು ತೆಗೆದರು. ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು, ಅಂಟು ಹಚ್ಚಬೇಕಾದ ಕಿವಿ ಎಷ್ಟು ಅಗಲ ಎಂಬುದೆಲ್ಲ ಅದರಿಂದ ತಿಳಿಯಿತು. ಆ ಅಳತೆಗೆ ಚಪ್ಪಟೆ ಹಾಳೆಗಳನ್ನು ಮುದ್ರಿಸಿ ತಂದು, ಗೆಳೆಯ ಗೆಳತಿಯರನ್ನು ಕೂಡಿಸಿಕೊಂಡು ನೆಲದ ಮೇಲೆ ಕುಳಿತು ಒಂದೊಂದನ್ನೇ ಕತ್ತರಿಸಿ, ಮಡಿಸಿ, ಅಂಟಿಸಿದರು. ಸಾಹಿತ್ಯ ಮುದ್ರಿಸಿದ ಚೀಟಿಯೊಂದನ್ನು ಒಳಗೆ ಸೇರಿಸಿದರು. ಹಬ್ಬಕ್ಕೆ ಓಣಿಯವರೆಲ್ಲ ಒಂದು ಮನೆಯಲ್ಲಿ ಸೇರಿ ಹಪ್ಪಳ ಲಟ್ಟಿಸುವುದನ್ನು ಕಂಡವರಿಗೆ ಈ ದೃಶ್ಯ ಹೊಸದೇನಲ್ಲ. ಮುಂದಿನ ಕೆಲವು ತಟ್ಟೆಗಳಿಗೂ ಇದೇ ಕ್ರಮ ನಡೆದು, ಹೀಗೆ ಕೈಯಿಂದ ಅಂಟಿಸಿದ ಹೊದಿಕೆಗಳ ಸಂಖ್ಯೆ ಸಾವಿರಾರು ಮುಟ್ಟಿತು.

ಒಂದು ತಟ್ಟೆ ಮಾರಿದ ಹಣ ಮುಂದಿನ ತಟ್ಟೆಗೆ ಬಂಡವಾಳ. ಎರಡನೆಯದು ಎಸ್.ಒ.ಎ. ಎಂಬ ತಂಡದ್ದು, ಅದರ ಗಾಯಕ, ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ, ಮುಂದೆ ಹೆನ್ರಿ ರಾಲಿನ್ಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ. ಮೂರನೆಯದು ಮಕಾಯ್ ಮತ್ತು ನೆಲ್ಸನ್ ಕಟ್ಟಿದ ಹೊಸ ತಂಡ ‘ಮೈನರ್ ಥ್ರೆಟ್’ನದು. 1981ರಲ್ಲಿ ಆರ್ಲಿಂಗ್ಟನ್‌ನಲ್ಲಿ ಬಾಡಿಗೆಗೆ ಹಿಡಿದ ಒಂದು ಮನೆಯೇ ಕಚೇರಿಯೂ ಅಭ್ಯಾಸದ ಕೋಣೆಯೂ ವಾಸದ ಜಾಗವೂ ಆಯಿತು. ಅದಕ್ಕೆ ‘ಡಿಸ್ಕಾರ್ಡ್ ಹೌಸ್’ ಎಂಬ ಹೆಸರು ನಿಂತುಬಿಟ್ಟಿತು.

ಕರಾರುಪತ್ರವಿಲ್ಲದ ವ್ಯವಹಾರ

ಡಿಸ್ಕಾರ್ಡ್ ತನ್ನ ತಂಡಗಳೊಡನೆ ಲಿಖಿತ ಕರಾರು ಮಾಡಿಕೊಳ್ಳುವುದಿಲ್ಲ. ಖರ್ಚು ಕಳೆದು ಉಳಿದ ಲಾಭದಲ್ಲಿ ತಂಡಕ್ಕೊಂದು ಪಾಲು, ಲೇಬಲ್‌ಗೊಂದು ಪಾಲು. ಮೇಲೆ ಹೇಳಿದ ಮುಂಗಡದ ಪದ್ಧತಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು: ಅಲ್ಲಿ ಕಲಾವಿದರ ಪಾಲಿನಿಂದ ಮಾತ್ರ ಖರ್ಚು ಕಳೆಯುತ್ತದೆ, ಇಲ್ಲಿ ಇಬ್ಬರ ದುಡಿಮೆಯಿಂದಲೂ ಒಟ್ಟಾಗಿ ಕಳೆಯುತ್ತದೆ. ನಷ್ಟವಾದರೆ ಇಬ್ಬರಿಗೂ ನಷ್ಟ.

ಇಂಥ ಬಾಯಿಮಾತಿನ ವ್ಯವಹಾರ ಇಷ್ಟು ವರ್ಷ ಹೇಗೆ ತಡೆದುಕೊಂಡಿತು? ಉತ್ತರ ಲೇಬಲ್‌ನ ಇನ್ನೊಂದು ನಿಯಮದಲ್ಲಿದೆ. ವಾಷಿಂಗ್ಟನ್ ಮತ್ತು ಅದರ ಸುತ್ತಮುತ್ತಲಿನ ತಂಡಗಳನ್ನು ಮಾತ್ರ ಅದು ಹೊರತರುತ್ತದೆ. ಹೊರಗಿನ ತಂಡ ಎಷ್ಟೇ ಒಳ್ಳೆಯದಿದ್ದರೂ ಅದನ್ನು ತೆಗೆದುಕೊಳ್ಳುವುದಿಲ್ಲ. ಕೇಳಲು ಇದು ಸಂಕುಚಿತ ನಿಯಮದಂತೆ ಕಂಡೀತು. ಆದರೆ ದಿನಾ ಮುಖ ನೋಡುವವರ ನಡುವೆ, ಒಬ್ಬರ ಕಾರ್ಯಕ್ರಮಕ್ಕೆ ಇನ್ನೊಬ್ಬರು ಹೋಗುವವರ ನಡುವೆ ಮಾತು ತಪ್ಪುವುದು ಸುಲಭವಲ್ಲ. ಊರಿನ ಸಹಕಾರ ಸಂಘದಲ್ಲಿ ಸಾಲ ಮರುಪಾವತಿಗೆ ಕಾಗದಕ್ಕಿಂತ ಮುಖಪರಿಚಯವೇ ಹೆಚ್ಚಿನ ಭದ್ರತೆ ಎಂಬಂತೆ. ಬೆಳೆಯುವ ಆಸೆಯನ್ನು ಬೇಕೆಂದೇ ಮಿತಿಗೊಳಿಸಿದ್ದರಿಂದ ವಕೀಲರ ಖರ್ಚು ಉಳಿಯಿತು, ಹೊಸ ತಂಡ ಹುಡುಕುವವರ ಸಂಬಳವೂ ಉಳಿಯಿತು.

ಹಾಗೆಂದು ತೊಂದರೆ ಬರಲಿಲ್ಲವೆಂದಲ್ಲ. ತಟ್ಟೆ ಚೆನ್ನಾಗಿ ಮಾರಾಟವಾದರೂ ಸಂಕಟವೇ. ವಿತರಕರು ತಟ್ಟೆ ಒಯ್ದು ತಿಂಗಳುಗಟ್ಟಲೆ ಹಣ ಕೊಡುತ್ತಿರಲಿಲ್ಲ. ಕಾರ್ಖಾನೆಯವರಿಗೋ ಹಣ ಕೂಡಲೇ ಬೇಕು. ಇತ್ತ ಅಂಗಡಿಗಳಿಂದ ಇನ್ನಷ್ಟು ತಟ್ಟೆಗೆ ಬೇಡಿಕೆ. ದಿನಸಿ ಅಂಗಡಿಯವರು ‘ಉದ್ರಿಯಲ್ಲಿ ಬಂಡವಾಳ ಸಿಕ್ಕಿಕೊಂಡಿದೆ’ ಎನ್ನುವ ಸ್ಥಿತಿ ಇದೇ. 1983ರ ಸುಮಾರಿಗೆ ಇದರಿಂದ ಪಾರು ಮಾಡಿದವರು ಲಂಡನ್ನಿನ ಸದರ್ನ್ ಸಂಸ್ಥೆಯ ಜಾನ್ ಲೋಡರ್. ಅಚ್ಚಿನ ಖರ್ಚನ್ನು ಅವರು ಮುಂದಾಗಿ ಭರಿಸಿ, ವಿತರಣೆಯನ್ನೂ ನೋಡಿಕೊಂಡು, ಮಾರಾಟದ ಹಣದಿಂದ ಅದನ್ನು ಮುರಿದುಕೊಳ್ಳುವ ಏರ್ಪಾಡಾಯಿತು. ಯಾವ ಹಾಡು, ಯಾವ ಬೆಲೆ, ಯಾವ ಹೊದಿಕೆ ಎಂಬ ನಿರ್ಧಾರ ಮಾತ್ರ ಡಿಸ್ಕಾರ್ಡ್‌ನವರ ಬಳಿಯೇ ಉಳಿಯಿತು. ಡಿಐವೈ ಎಂದರೆ ಎಲ್ಲ ಕೆಲಸವನ್ನೂ ತಮ್ಮ ಕೈಯಿಂದಲೇ ಮಾಡುವುದು ಎಂಬ ತಿಳಿವಳಿಕೆ ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂಟಿಸುವ ಕೆಲಸವನ್ನು ಕಾರ್ಖಾನೆಗೆ ಬಿಡಬಹುದು. ತೀರ್ಮಾನಿಸುವ ಕೆಲಸವನ್ನು ಬಿಡುವಂತಿಲ್ಲ.

5 ಡಾಲರ್ ಟಿಕೆಟ್ಟಿನ ಗಣಿತ

ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿಯೂ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ‘ಫುಗಾಝಿ’ ತಂಡದಿಂದ. ಮಕಾಯ್, ಜೋ ಲಾಲಿ, ಬ್ರೆಂಡನ್ ಕ್ಯಾಂಟಿ ಮತ್ತು ಸ್ವಲ್ಪ ತಡವಾಗಿ ಸೇರಿದ ಗೀ ಪಿಚೊಟೊ ಈ ನಾಲ್ವರ ತಂಡ 1987ರಲ್ಲಿ ಮೊದಲ ಕಾರ್ಯಕ್ರಮ ಕೊಟ್ಟು, 2000ದ ದಶಕದ ಆರಂಭದವರೆಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮತ್ತು ಹೊರದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ವೇದಿಕೆ ಏರಿತು. ಟಿಕೆಟ್ ದರ ಸಾಮಾನ್ಯವಾಗಿ 5 ಡಾಲರ್. ಎಲ್ಲ ವಯಸ್ಸಿನವರಿಗೂ ಪ್ರವೇಶ.

ಎರಡನೆಯ ಷರತ್ತು ಏಕೆ ಮುಖ್ಯವೆಂದರೆ, ಅಮೆರಿಕದ ಕ್ಲಬ್ಬುಗಳ ಆದಾಯದ ಬಹುಪಾಲು ಮದ್ಯ ಮಾರಾಟದ್ದು. ಕುಡಿಯುವ ವಯಸ್ಸು 21 ಆದ್ದರಿಂದ ಅದಕ್ಕಿಂತ ಚಿಕ್ಕವರನ್ನು ಅನೇಕ ಕಡೆ ಒಳಗೇ ಬಿಡುವುದಿಲ್ಲ. ಈ ಸಂಗೀತವನ್ನು ಹೆಚ್ಚು ಕೇಳುವವರು ಅವರೇ. ಹೀಗಾಗಿ ತಂಡ ಕ್ಲಬ್ಬು ಸಿಗದ ಕಡೆ ಸಮುದಾಯ ಭವನ, ಶಾಲೆಯ ಹಾಲ್, ಚರ್ಚಿನ ನೆಲಮನೆ ಹುಡುಕಬೇಕಾಗುತ್ತಿತ್ತು. ಟಿಕೆಟ್ಟನ್ನು ಅಗ್ಗವಾಗಿಟ್ಟೂ ನಷ್ಟವಾಗದಿರಲು ಕಾರಣ ಖರ್ಚಿನ ಕಡೆ ಇತ್ತು: ಮ್ಯಾನೇಜರ್ ಇಲ್ಲ, ಕಾರ್ಯಕ್ರಮ ಗೊತ್ತುಮಾಡಿಕೊಡುವ ಏಜೆಂಟ್ ಇಲ್ಲ, ವ್ಯಾನಿನಲ್ಲಿ ಪ್ರಯಾಣ, ಜೊತೆಗೆ ಬೆರಳೆಣಿಕೆಯ ಸಹಾಯಕರು. ಕಾರ್ಯಕ್ರಮಗಳನ್ನು ಫೋನ್ ಹಿಡಿದು ಮಕಾಯ್ ಅವರೇ ಗೊತ್ತು ಮಾಡುತ್ತಿದ್ದರು. ನಡುವಿನ ಕೈಗಳು ಕಡಿಮೆಯಾದಾಗ ಎರಡು ತುದಿಗೂ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ರೈತರ ಸಂತೆಯಲ್ಲಿ ತರಕಾರಿ ಕೊಂಡವರಿಗೆ ಗೊತ್ತು. ಟಿ-ಶರ್ಟ್ ಮಾರಾಟವೂ ಇರಲಿಲ್ಲ. ಇತರ ತಂಡಗಳಿಗೆ ಪ್ರವಾಸದ ಖರ್ಚು ಹುಟ್ಟುತ್ತಿದ್ದುದು ಎಷ್ಟೋ ಬಾರಿ ಅದರಿಂದಲೇ.

ವೇದಿಕೆಯ ಮುಂದೆ ಯಾರಾದರೂ ಇತರರಿಗೆ ಗುದ್ದಿ ತುಳಿದು ತೊಂದರೆ ಕೊಟ್ಟರೆ ತಂಡ ಹಾಡು ನಿಲ್ಲಿಸುತ್ತಿತ್ತು. ಮಾತಿಗೆ ಬಗ್ಗದವರನ್ನು ಹೊರಗೆ ಕಳಿಸುವಾಗ ಅವರ ಕೈಗೆ ಒಂದು ಲಕೋಟೆ ಕೊಡಲಾಗುತ್ತಿತ್ತು. ಒಳಗೆ ಟಿಕೆಟ್ಟಿನ 5 ಡಾಲರ್. ಲಕೋಟೆಗಳನ್ನು ಮೊದಲೇ ತುಂಬಿಟ್ಟುಕೊಂಡು ಹೊರಡುತ್ತಿದ್ದರು ಎಂಬುದು ನನಗೆ ಈ ಇಡೀ ವೃತ್ತಾಂತದಲ್ಲಿ ತೀರಾ ಇಷ್ಟವಾದ ವಿವರ.

ತಟ್ಟೆಗಳ ವಿಷಯದಲ್ಲೂ ಇದೇ ನಿಗಾ. ಹೊದಿಕೆಯ ಹಿಂಬದಿಯಲ್ಲೇ ಅಂಚೆವೆಚ್ಚ ಸೇರಿ ಇಷ್ಟು ಎಂದು ಬೆಲೆ ಮುದ್ರಿಸುತ್ತಿದ್ದರು. ದೊಡ್ಡ ಕಂಪನಿಗಳ ಸಿಡಿ ಅಂಗಡಿಯಲ್ಲಿ ಸುಮಾರು 15 ಡಾಲರ್‌ಗೆ ಮಾರುತ್ತಿದ್ದ ಕಾಲದಲ್ಲಿ ಫುಗಾಝಿಯ ಸಿಡಿ ಮೇಲೆ 8 ಡಾಲರ್ ಎಂದಿತ್ತು. ನಮ್ಮಲ್ಲಿ ಪೊಟ್ಟಣದ ಮೇಲೆ ಎಂಆರ್‌ಪಿ ಮುದ್ರಿಸುವುದು ಕಾನೂನಿನ ಕಟ್ಟಳೆ. ಅಲ್ಲಿ ಅಂಥ ಕಟ್ಟಳೆ ಇಲ್ಲ. ಅಂಗಡಿಯವರು ಬೆಲೆ ಏರಿಸದಂತೆ ತಡೆಯಲು ಲೇಬಲ್ ತಾನೇ ಹಾಕಿಕೊಂಡ ಗೆರೆ ಅದು.

ಉಳಿದುಕೊಂಡ ಪ್ರಭಾವ

1991ರಲ್ಲಿ ಸಿಯಾಟಲ್ ಕಡೆಯ ನಿರ್ವಾಣ ತಂಡದ ದೊಡ್ಡ ಲೇಬಲ್‌ನ ಮೊದಲ ಆಲ್ಬಂ ಜಗತ್ತಿನೆಲ್ಲೆಡೆ ಮಾರಾಟವಾಯಿತು. ಅದರ ಡ್ರಮ್ಮರ್ ಡೇವ್ ಗ್ರೋಲ್ ಅದಕ್ಕೆ ಮೊದಲು ಇದ್ದದ್ದು ಡಿಸ್ಕಾರ್ಡ್‌ನ ‘ಸ್ಕ್ರೀಮ್’ ತಂಡದಲ್ಲಿ. ಅಲ್ಲಿಯವರೆಗೆ ಕಾಲೇಜು ರೇಡಿಯೋಗಳಲ್ಲೂ ಸಣ್ಣ ಹಾಲ್‌ಗಳಲ್ಲೂ ಬೆಳೆದಿದ್ದ ಈ ಬಗೆಯ ಸಂಗೀತಕ್ಕೆ ‘ಆಲ್ಟರ್ನೇಟಿವ್’ ಎಂಬ ಚೀಟಿ ಅಂಟಿಸಿ, ದೊಡ್ಡ ಕಂಪನಿಗಳು ಊರೂರು ಸುತ್ತಿ ತಂಡಗಳನ್ನು ಹುಡುಕತೊಡಗಿದವು. ಫುಗಾಝಿ ಎಲ್ಲಿಗೂ ಹೋಗಲಿಲ್ಲ. ಡಿಸ್ಕಾರ್ಡ್‌ನ ಜಾಬಾಕ್ಸ್, ಶಡರ್ ಟು ಥಿಂಕ್ ತಂಡಗಳು ಹೋದವು. ಕರಾರು ಇಲ್ಲದಿದ್ದುದರಿಂದ ತಡೆಯುವ ಪ್ರಶ್ನೆಯೇ ಇರಲಿಲ್ಲ. ಜಾಬಾಕ್ಸ್ 1994ರಲ್ಲಿ ಅಟ್ಲಾಂಟಿಕ್ ಕಂಪನಿಗೆ ಮಾಡಿಕೊಟ್ಟ ಆಲ್ಬಂ 2009ರಲ್ಲಿ ಮರುಮುದ್ರಣಗೊಂಡಾಗ, ಅದು ಹೊರಬಂದದ್ದು ಡಿಸ್ಕಾರ್ಡ್‌ನಿಂದ.

ಪ್ರಭಾವ ಎಂದೊಡನೆ ಸಾಮಾನ್ಯವಾಗಿ ಎರಡು ಹೆಸರು ಹೇಳುತ್ತಾರೆ. ಒಂದು ‘ಸ್ಟ್ರೈಟ್ ಎಡ್ಜ್’: ಮೈನರ್ ಥ್ರೆಟ್‌ನ ಒಂದು ನಿಮಿಷವೂ ಇಲ್ಲದ ಹಾಡಿನಿಂದ ಹೆಸರು ಪಡೆದ, ಮದ್ಯ, ತಂಬಾಕು, ಮಾದಕ ವಸ್ತುಗಳನ್ನು ದೂರವಿಡುವ ಯುವಜನರ ಒಲವು. ಅಂಗೈ ಹಿಂಬದಿಯ ‘ಎಕ್ಸ್’ ಗುರುತು ಅದರ ಚಿಹ್ನೆಯಾಯಿತು; ಬೇಡವೆಂದು ಬರೆಸಿಕೊಂಡದ್ದನ್ನು ಬೇಕೆಂದು ಬರೆದುಕೊಳ್ಳುವವರು ಹುಟ್ಟಿದರು. ಇನ್ನೊಂದು ‘ಇಮೋ’: 1985ರ ಬೇಸಿಗೆಯಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್, ಎಂಬ್ರೇಸ್ ತಂಡಗಳು ಹಾರ್ಡ್‌ಕೋರ್‌ನ ಅಬ್ಬರದೊಳಗೆ ಒಳಮನಸ್ಸಿನ ತಳಮಳವನ್ನು ತಂದವು. ಆ ಹೆಸರು ಮಾತ್ರ ತಂಡದವರಿಗೆ ಹಿಡಿಸಲೇ ಇಲ್ಲ.

ನನ್ನ ಎಣಿಕೆಯಲ್ಲಿ ಹೆಚ್ಚು ದೂರ ಸಾಗಿದ್ದು ಧಾಟಿಯಲ್ಲ, ಕ್ರಮ. ಆರ್ಲಿಂಗ್ಟನ್‌ನಲ್ಲಿಯೇ ಜೆನ್ನಿ ಟೂಮಿ ಮತ್ತು ಕ್ರಿಸ್ಟಿನ್ ಥಾಮ್ಸನ್ ಎಂಬ ಇಬ್ಬರು ಸಂಗೀತಗಾರ್ತಿಯರು 1990ರ ಸುಮಾರಿಗೆ ‘ಸಿಂಪಲ್ ಮಷೀನ್ಸ್’ ಎಂಬ ಲೇಬಲ್ ತೆರೆದರು. ತಟ್ಟೆ, ಕ್ಯಾಸೆಟ್, ಸಿಡಿ ಹೊರತರುವ ವಿಧಾನವನ್ನು ವಿವರಿಸುವ ಒಂದು ಕಿರುಹೊತ್ತಗೆಯನ್ನು ಅವರು ಅಚ್ಚು ಮಾಡಿ ಕೇಳಿದವರಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಸ್ಕಿಪ್ ಗ್ರಾಫ್ ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟದ್ದು ಹೀಗೆ ದೇಶದ ಆಚೆ ತುದಿಗೂ ಹೋಯಿತು. 1990ರ ದಶಕದ ಆರಂಭದಲ್ಲಿ ‘ರಯಟ್ ಗರ್ಲ್’ ಎಂದು ಹೆಸರಾದ, ಪಂಕ್ ವೇದಿಕೆಯಲ್ಲಿ ಹೆಣ್ಣುಮಕ್ಕಳ ಜಾಗಕ್ಕಾಗಿ ನಡೆದ ಚಟುವಟಿಕೆಗೆ ವಾಷಿಂಗ್ಟನ್ ಎರಡನೆಯ ಮನೆಯಾಯಿತು. ಅದರ ಮುಂಚೂಣಿಯ ಬಿಕಿನಿ ಕಿಲ್ ತಂಡದ ಮೊದಲ ತಟ್ಟೆಯ ಹೆಚ್ಚಿನ ಹಾಡುಗಳ ಧ್ವನಿಮುದ್ರಣವನ್ನು ಮಾಡಿಸಿದವರು ಮಕಾಯ್.

ಫುಗಾಝಿಯ ಜೊತೆಗಿದ್ದ ಧ್ವನಿ ತಂತ್ರಜ್ಞರು ಕಾರ್ಯಕ್ರಮಗಳನ್ನು ವರ್ಷಗಟ್ಟಲೆ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅಂಥ ಎಂಟುನೂರಕ್ಕೂ ಹೆಚ್ಚು ಕಾರ್ಯಕ್ರಮಗಳ ಟೇಪುಗಳು ಡಿಸ್ಕಾರ್ಡ್ ಮನೆಯ ಪೆಟ್ಟಿಗೆಗಳಲ್ಲಿ ಉಳಿದಿದ್ದವು. 2011ರಿಂದ ಅವನ್ನು ಒಂದೊಂದಾಗಿ ಡಿಜಿಟಲ್ ರೂಪಕ್ಕೆ ತಂದು ಕೇಳುಗರಿಗೆ ತೆರೆದಿಡಲಾಯಿತು. ಶ್ರುತಿ ತಪ್ಪಿದ ರಾತ್ರಿಗಳನ್ನೂ ಬಿಟ್ಟಿಲ್ಲ. ಕೊಳ್ಳುವವರು 1 ಡಾಲರ್‌ನಿಂದ 100 ಡಾಲರ್‌ವರೆಗೆ ತಮಗೆ ತೋಚಿದಷ್ಟು ಕೊಡಬಹುದು. ಗೊತ್ತಾಗದವರಿಗೆಂದು ಲೇಬಲ್ ಸೂಚಿಸಿದ ಬೆಲೆ 5 ಡಾಲರ್.